ಮಣ್ಣಿನ ಹೊನ್ನು, ಕೈಯ ವಿದ್ಯೆ: ರೋಮಿನ ಕಾಸ್ತೆಲ್ಲಾನಿ ಮನೆತನದ ಕಥೆ

ಇಟಲಿಯ ರೋಮ್ ನಗರದಿಂದ ವಾಯವ್ಯಕ್ಕೆ ಸುಮಾರು 45 ಕಿಲೋಮೀಟರ್ ದೂರದಲ್ಲಿ ಚೆರ್ವೆತೆರಿ ಎಂಬ ಊರಿದೆ. 1836ರಲ್ಲಿ ಆ ಊರಿನ ರೆಗೊಲಿನಿ ಎಂಬ ಪಾದ್ರಿಯೂ ಗಲಾಸ್ಸಿ ಎಂಬ ಸೇನಾಧಿಕಾರಿಯೂ ಸೇರಿ ಅಲ್ಲಿಯ ಮಣ್ಣಿನ ದಿಬ್ಬವೊಂದನ್ನು ಅಗೆಸಿದಾಗ, ಕಳ್ಳರ ಕೈ ತಾಗದ ಒಂದು ಪುರಾತನ ಸಮಾಧಿ ಬೆಳಕಿಗೆ ಬಂದಿತು. ಕ್ರಿಸ್ತಪೂರ್ವ ಏಳನೆಯ ಶತಮಾನದ ಆ ಸಮಾಧಿಯಲ್ಲಿ ಬಂಗಾರದ ಎದೆಕವಚ, ಕಡಗಗಳು, ಕೊರಳ ಒಡವೆಗಳು ಮತ್ತು ಬೆಳ್ಳಿಯ ಪಾತ್ರೆಗಳಿದ್ದವು. ಎಲ್ಲಕ್ಕಿಂತ ಹೆಚ್ಚು ಬೆರಗು ಹುಟ್ಟಿಸಿದ್ದು ಒಂದು ಅಡಿಗೂ ಮಿಕ್ಕಿದ ಉದ್ದದ, ಉಡುಪನ್ನು ಸಿಕ್ಕಿಸುವ ಬಂಗಾರದ ಕೊಂಡಿ. ಅದರ ಮೇಲ್ಭಾಗದ ತಟ್ಟೆಯಲ್ಲಿ ಐದು ಸಿಂಹಗಳು ನಡೆಯುತ್ತಿವೆ. ಕೆಳಭಾಗದಲ್ಲಿ ಪುಟ್ಟ ಬಾತುಕೋಳಿಗಳು ಸಾಲುಗಟ್ಟಿವೆ. ಅಂಚುಗಳ ಉದ್ದಕ್ಕೂ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಬಂಗಾರದ ರವೆಗಳು ಒತ್ತೊತ್ತಾಗಿ ಕುಳಿತಿವೆ. ಬೆಳ್ಳಿಯ ಪಾತ್ರೆಗಳ ಮೇಲೆ ‘ಲಾರ್ಥಿಯಾ’ ಎಂಬ ಬರಹವಿತ್ತು. ಈ ಸಂಪತ್ತೆಲ್ಲವೂ ಮುಂದೆ ವ್ಯಾಟಿಕನ್ನಿನ ವಸ್ತುಸಂಗ್ರಹಾಲಯವನ್ನು ಸೇರಿತು.

ಆ ಸಮಾಧಿಯನ್ನು ಕಟ್ಟಿದವರು ಎಟ್ರುಸ್ಕನ್ನರು. ರೋಮ್ ಸಾಮ್ರಾಜ್ಯವಾಗಿ ಬೆಳೆಯುವುದಕ್ಕೆ ಮುನ್ನ ಮಧ್ಯ ಇಟಲಿಯಲ್ಲಿ ಬಾಳಿ ಬೆಳಗಿದ ಜನ ಇವರು. ಇವರಿಗೆ ತಮ್ಮದೇ ಆದ ಭಾಷೆಯಿತ್ತು, ಲಿಪಿಯಿತ್ತು, ಗ್ರಂಥಗಳಿದ್ದವು. ರೋಮಿನ ಆಳ್ವಿಕೆಯಲ್ಲಿ ತಲೆಮಾರು ಕಳೆದಂತೆ ಮಕ್ಕಳು ಲ್ಯಾಟಿನ್ ನುಡಿಗೆ ಒಗ್ಗಿದರು. ಕ್ರಿಸ್ತಶಕದ ಆರಂಭದ ಹೊತ್ತಿಗೆ ಎಟ್ರುಸ್ಕನ್ ನುಡಿ ಮನೆಮಾತಾಗಿ ಉಳಿದಿರಲಿಲ್ಲ. ಚಕ್ರವರ್ತಿ ಕ್ಲಾಡಿಯಸ್ ಈ ಜನರ ಚರಿತ್ರೆಯನ್ನು ಇಪ್ಪತ್ತು ಸಂಪುಟಗಳಲ್ಲಿ ಬರೆದನೆಂದು ತಿಳಿದುಬರುತ್ತದೆ. ಆ ಗ್ರಂಥವೂ ಇಂದು ಇಲ್ಲ. ಇಂದಿನ ವಿದ್ವಾಂಸರು ಎಟ್ರುಸ್ಕನ್ ಅಕ್ಷರಗಳನ್ನು ಓದಬಲ್ಲರು, ಆದರೆ ಉದ್ದನೆಯ ಬರಹಗಳ ಅರ್ಥ ಪೂರ್ತಿಯಾಗಿ ಬಿಡಿಸಿಕೊಂಡಿಲ್ಲ. ನುಡಿ ಅಳಿಯಿತು, ಹೊನ್ನು ಉಳಿಯಿತು. ಆ ಹೊನ್ನನ್ನು ಕಂಡು ಹತ್ತೊಂಬತ್ತನೆಯ ಶತಮಾನದ ಅಕ್ಕಸಾಲಿ ಮನೆತನವೊಂದು ತನ್ನ ಆಯುಷ್ಯವನ್ನೆಲ್ಲ ಒಂದು ಪ್ರಶ್ನೆಗೆ ಮುಡಿಪಾಗಿಟ್ಟ ಕಥೆಯೇ ಈ ಲೇಖನದ ವಸ್ತು. ಆ ಪ್ರಶ್ನೆ ಇಷ್ಟೇ: ಇದನ್ನು ಮಾಡಿದ್ದು ಹೇಗೆ?

ಪ್ರಶ್ನೆಯ ಕಷ್ಟವನ್ನು ಅರಿಯಬೇಕಾದರೆ ಕಸಬಿನ ಒಂದು ಮಾತನ್ನು ತಿಳಿದಿರಬೇಕು. ಬಂಗಾರದ ರವೆಗಳನ್ನು ಮಾಡುವುದು ಅಷ್ಟೇನೂ ಕಷ್ಟವಲ್ಲ. ಸಣ್ಣ ತಂತಿಯ ತುಣುಕುಗಳನ್ನು ಇದ್ದಿಲ ಪುಡಿಯಲ್ಲಿ ಬೆರೆಸಿ ಕಾಯಿಸಿದರೆ, ಪ್ರತಿಯೊಂದು ತುಣುಕೂ ಕರಗಿ, ಎಲೆಯ ಮೇಲಿನ ನೀರಹನಿಯಂತೆ ತಾನಾಗಿಯೇ ಗುಂಡಗಾಗುತ್ತದೆ. ಕಷ್ಟವಿರುವುದು ಅವುಗಳನ್ನು ತಗಡಿನ ಮೇಲೆ ನಿಲ್ಲಿಸುವುದರಲ್ಲಿ. ಸಾಮಾನ್ಯವಾಗಿ ಬೆಸುಗೆಗೆ ಬಳಸುವ ಲೋಹ ಕರಗಿ ಹರಿದಾಗ ರವೆಗಳ ನಡುವಣ ಸಂದುಗಳನ್ನೆಲ್ಲ ತುಂಬಿಬಿಡುತ್ತದೆ. ಬಿಡಿಬಿಡಿಯಾಗಿ ಹೊಳೆಯಬೇಕಾದ ಕಾಳುಗಳು ಒಂದೇ ಮುದ್ದೆಯಾಗುತ್ತವೆ. ಎಟ್ರುಸ್ಕನ್ ಒಡವೆಗಳಲ್ಲಿಯಾದರೋ ಕೆಲವು ರವೆಗಳು ಕಾಲು ಮಿಲಿಮೀಟರಿಗಿಂತಲೂ ಚಿಕ್ಕವು. ಹಾಗಿದ್ದರೂ ಪ್ರತಿಯೊಂದೂ ತನ್ನ ತಳದಲ್ಲಿ ಮಾತ್ರ ಅಂಟಿಕೊಂಡು ದುಂಡಗೆ ನಿಂತಿದೆ. ಬೆಸುಗೆಯ ಗುರುತೇ ಕಾಣದು. ಯುರೋಪಿನ ಅಕ್ಕಸಾಲಿಗರ ಕೈಯಿಂದ ಈ ಸೂಕ್ಷ್ಮ ವಿದ್ಯೆ ಎಂದೋ ಜಾರಿಹೋಗಿತ್ತು.

ಫೊರ್ತುನಾತೊ ಪಿಯೊ ಕಾಸ್ತೆಲ್ಲಾನಿ 1814ರಲ್ಲಿ ರೋಮಿನಲ್ಲಿ ಒಡವೆಯ ಅಂಗಡಿಯನ್ನು ತೆರೆದವನು. ಮೊದಮೊದಲು ಅವನೂ ಪ್ಯಾರಿಸ್ಸಿನ ಮಾದರಿಗಳನ್ನೇ ಅನುಸರಿಸುತ್ತಿದ್ದ. ಅಂದಿನ ಸಿರಿವಂತರು ಬಯಸುತ್ತಿದ್ದುದು ಅದನ್ನೇ. ಅವನ ದೃಷ್ಟಿಯನ್ನು ತಿರುಗಿಸಿದವನು ಮೈಕೆಲಾಂಜೆಲೊ ಕಾಯೆತಾನಿ. ಸೆರ್ಮೊನೆತಾದ ಡ್ಯೂಕ್ ಪದವಿಯ ಈತ ಮಹಾಕವಿ ಡಾಂಟೆಯ ಕೃತಿಗಳಲ್ಲಿ ಪಾಂಡಿತ್ಯ ಪಡೆದವನು. ಸ್ವತಃ ಒಡವೆಗಳ ವಿನ್ಯಾಸ ಬರೆಯಬಲ್ಲವನು. ತಮ್ಮ ಕಾಲ ಕೆಳಗಿನ ನೆಲದಲ್ಲಿಯೇ ಇಂಥ ಮಾದರಿಗಳಿರುವಾಗ ಪರದೇಶದ ಮಾದರಿಗಳಿಗೆ ಕೈಯೊಡ್ಡುವುದೇಕೆ ಎಂಬುದು ಅವನ ನಿಲುವು. ಚೆರ್ವೆತೆರಿಯ ಸಮಾಧಿಯ ಒಡವೆಗಳನ್ನು ಪರಿಶೀಲಿಸುವ ಅವಕಾಶ ಫೊರ್ತುನಾತೊವಿಗೆ ದೊರೆತಾಗ ಆ ನಿಲುವಿಗೆ ಬಲ ಬಂದಿತು. ಅವನ ಮಕ್ಕಳಾದ ಅಲೆಸ್ಸಾಂದ್ರೊ (1823–1883) ಮತ್ತು ಅಗುಸ್ತೊ (1829–1914) ತಂದೆಯ ಹಂಬಲವನ್ನು ತಮ್ಮದಾಗಿಸಿಕೊಂಡರು. ಎಳವೆಯಲ್ಲಿ ಅಪಘಾತವೊಂದರಿಂದ ಒಂದು ಕೈಯನ್ನು ಕಳೆದುಕೊಂಡಿದ್ದ ಅಲೆಸ್ಸಾಂದ್ರೊ ಕುಲುಮೆಯ ಮುಂದೆ ಕೂರುವಂತಿರಲಿಲ್ಲ; ಅವನು ಶೋಧಕನಾದ, ಸಂಗ್ರಾಹಕನಾದ, ಮನೆತನದ ವಕ್ತಾರನಾದ. ಅಗುಸ್ತೊ ರೋಮಿನಲ್ಲಿದ್ದು ಕಾರ್ಯಾಗಾರವನ್ನು ನಡೆಸಿದ.

ಸೋದರರ ಹುಡುಕಾಟ ಮೂರು ದಿಕ್ಕುಗಳಲ್ಲಿ ಸಾಗಿತು. ಮೊದಲನೆಯದು ಗ್ರಂಥಗಳು. ಪ್ರಾಚೀನ ರೋಮಿನ ಪ್ಲೀನಿ, ಮಧ್ಯಯುಗದ ಸಂನ್ಯಾಸಿ ಥಿಯೋಫಿಲಸ್, ಹದಿನಾರನೆಯ ಶತಮಾನದ ಅಕ್ಕಸಾಲಿ ಚೆಲ್ಲಿನಿ, ಇವರೆಲ್ಲರ ಬರಹಗಳನ್ನು ಅವರು ಸೋಸಿದರು. ಎರಡನೆಯದು ರಸಾಯನಶಾಸ್ತ್ರ, ಬಗೆಬಗೆಯ ಕ್ಷಾರಗಳನ್ನೂ ಲೋಹಮಿಶ್ರಣಗಳನ್ನೂ ಪ್ರಯೋಗಿಸಿ ನೋಡಿದರು. ಮೂರನೆಯದು ಬದುಕಿರುವ ಕಸಬುದಾರರ ಪದ್ಧತಿಗಳು. ಮಾಲ್ಟಾ ಮತ್ತು ಜಿನೋವಾದ ತಂತಿ ಕೆಲಸದವರ ಜೊತೆಗೆ ಭಾರತದ ಅಕ್ಕಸಾಲಿಗರ ಸಂಪ್ರದಾಯವನ್ನೂ ಪರಿಶೀಲಿಸಿದೆವೆಂದು ಅಲೆಸ್ಸಾಂದ್ರೊ ಹೇಳಿಕೊಂಡಿದ್ದಾನೆ. ಎಟ್ರುಸ್ಕನ್ ವಿದ್ಯೆಯ ಕೀಲಿಯನ್ನು ಅರಸುತ್ತಿದ್ದ ಇಟಲಿಯವನೊಬ್ಬನ ಕಣ್ಣು ನಮ್ಮ ನಾಡಿನ ಕುಲುಮೆಗಳ ಕಡೆಗೂ ಹೊರಳಿತ್ತೆಂಬುದು ನಾವು ನೆನಪಿನಲ್ಲಿಡತಕ್ಕ ಸಂಗತಿ.

ಕೊನೆಗೆ ಅವರಿಗೆ ನೆರವು ದೊರೆತದ್ದು ರೋಮಿನಲ್ಲಿ ಅಲ್ಲ, ಪ್ಯಾರಿಸ್ಸಿನಲ್ಲಿಯೂ ಅಲ್ಲ. ಅಪೆನೈನ್ ಬೆಟ್ಟಗಳ ಮಡಿಲಲ್ಲಿ, ಮಾರ್ಕೆ ಪ್ರಾಂತದ ಒಂದು ಮೂಲೆಯಲ್ಲಿ, ಸಾಂತಾಂಜೆಲೊ ಇನ್ ವಾದೊ ಎಂಬ ಚಿಕ್ಕ ಊರಿದೆ. ರಾಜಧಾನಿಯ ಶೋಕಿ ಆ ಊರನ್ನು ಮುಟ್ಟಿರಲಿಲ್ಲ. ಅಲ್ಲಿಯ ಅಕ್ಕಸಾಲಿಗರು ಸುತ್ತಲಿನ ಬೇಸಾಯಗಾರರ ಹೆಣ್ಣುಮಕ್ಕಳಿಗಾಗಿ, ಮದುವೆಗೆಂದು, ಹಬ್ಬಕ್ಕೆಂದು ಕೊರಳ ಸರಗಳನ್ನೂ ಉದ್ದನೆಯ ಕಿವಿಯ ಓಲೆಗಳನ್ನೂ ಅಜ್ಜನ ಕಾಲದ ರೀತಿಯಲ್ಲಿಯೇ ಮಾಡುತ್ತಿದ್ದರು. ಅವರ ಕೈಚಳಕದಲ್ಲಿ ಪುರಾತನ ವಿಧಾನದ ನೆರಳನ್ನು ಕಂಡ ಕಾಸ್ತೆಲ್ಲಾನಿಗಳು ಅಲ್ಲಿಂದ ಕೆಲಸಗಾರರನ್ನು ರೋಮಿಗೆ ಕರೆತಂದರು. ಆ ಹಳ್ಳಿಗರಿಗೆ ಎಟ್ರುಸ್ಕನ್ ಮಾದರಿಗಳನ್ನು ತೋರಿಸಿ, ಅವರಿಂದ ಕೈಯ ರೂಢಿಯನ್ನು ಕಲಿತರು. ರವೆಗಳನ್ನು ಒಂದೊಂದಾಗಿ ಎತ್ತಿ ಕೂರಿಸುವ ಅತಿ ನವುರಾದ ಕೆಲಸಕ್ಕೆ ಹೆಂಗಸರನ್ನು ನೇಮಿಸಿಕೊಂಡರು. ಆ ತಾಳ್ಮೆ ಹೆಣ್ಣಿನ ಕೈಗೆ ಒಲಿದಷ್ಟು ಗಂಡಿನ ಕೈಗೆ ಒಲಿಯದೆಂದು ಅಲೆಸ್ಸಾಂದ್ರೊ ಮನಗಂಡಿದ್ದ. ಬೆಸುಗೆಯ ಲೋಹವನ್ನು ಅರದಿಂದ ಉಜ್ಜಿ ಗಾಳಿಗೆ ಹಾರುವಂಥ ಪುಡಿಯಾಗಿಸಿದರು. ವಾಡಿಕೆಯ ಬಿಳಿಗಾರದ ಬದಲು ಆರ್ಸೆನಿಕ್ ಬೆರೆತ ಲವಣಗಳನ್ನು ಬಳಸಿದರು. ಹೀಗೆ ಎಷ್ಟೋ ವರ್ಷಗಳ ದುಡಿಮೆಯಿಂದ, ಎಟ್ರುಸ್ಕನ್ ಒಡವೆಯ ಪಕ್ಕದಲ್ಲಿಟ್ಟರೂ ನಾಚಬೇಕಿಲ್ಲದಂಥ ಒಡವೆಗಳು ಅವರ ಕಾರ್ಯಾಗಾರದಿಂದ ಹೊರಬಂದವು.

ಆ ಊರಿನ ರೂಢಿ ಎಟ್ರುಸ್ಕನ್ ಕಾಲದಿಂದ ಎಳೆ ಕಡಿಯದೆ ಹರಿದುಬಂದದ್ದೆಂಬ ಅವರ ನಂಬಿಕೆಯಲ್ಲಿ ಹಂಬಲದ ಪಾಲೂ ಇದ್ದಿರಬೇಕು. ಎರಡೂವರೆ ಸಾವಿರ ವರ್ಷಗಳ ಅಖಂಡ ಪರಂಪರೆಯನ್ನು ಸಾಧಿಸಿ ತೋರಿಸುವುದು ಸುಲಭವಲ್ಲ. ಆದರೆ ಬೆರಳಿನ ಹದ, ಉರಿಯ ಬಣ್ಣ ನೋಡಿ ಕಾವನ್ನು ಅಳೆಯುವ ಕಣ್ಣು, ಅವಸರವಿಲ್ಲದ ದುಡಿಮೆ, ಇವು ಆ ಬೆಟ್ಟದೂರಿನಲ್ಲಿ ಉಳಿದಿದ್ದವು, ರಾಜಧಾನಿಯಲ್ಲಿ ಉಳಿದಿರಲಿಲ್ಲ ಎಂಬುದಂತೂ ನಿಜ. ನಡುನಾಡು ಮರೆತದ್ದನ್ನು ಅಂಚಿನ ನಾಡು ಕಾಪಾಡಿಕೊಂಡಿತ್ತು.

ಇನ್ನೊಂದು ಕಡೆಯಿಂದಲೂ ಅವರಿಗೆ ಪಾಠ ದೊರೆಯಿತು. ರೋಮಿನ ಸರ್ಕಾರಿ ಗಿರವಿ ಸಂಸ್ಥೆಯ ನಿರ್ದೇಶಕನಾಗಿದ್ದ ಮಾರ್ಕ್ವಿಸ್ ಕಂಪಾನಾ ಎಂಬಾತ ಪ್ರಾಚೀನ ವಸ್ತುಗಳ ಮಹಾಸಂಗ್ರಹವೊಂದನ್ನು ಕೂಡಿಹಾಕಿದ್ದ. ಅದಕ್ಕಾಗಿ ಸಂಸ್ಥೆಯ ಹಣವನ್ನೇ ಬಳಸಿಕೊಂಡ ಆರೋಪದ ಮೇಲೆ 1857ರಲ್ಲಿ ಸೆರೆಯಾದ. ಆ ಸಂಗ್ರಹದ ಬಂಗಾರದ ಒಡವೆಗಳನ್ನು ಪಟ್ಟಿಮಾಡಿ ದುರಸ್ತಿಗೊಳಿಸುವ ಕೆಲಸ ಕಾಸ್ತೆಲ್ಲಾನಿಗಳ ಪಾಲಿಗೆ ಬಂದಿತು. ಮುರಿದ ಒಡವೆಯೇ ಕಸಬುದಾರನಿಗೆ ದೊಡ್ಡ ಗುರು. ಒಳಗಿನ ಕಟ್ಟಡವನ್ನು ಅದು ಬಿಚ್ಚಿ ತೋರಿಸುತ್ತದೆ. 1861ರಲ್ಲಿ ಫ್ರಾನ್ಸಿನ ಚಕ್ರವರ್ತಿ ಮೂರನೆಯ ನೆಪೋಲಿಯನ್ ಆ ಸಂಗ್ರಹದ ಬಹುಭಾಗವನ್ನು ಕೊಂಡುಕೊಂಡ. ಅದರ ಒಡವೆಗಳು ಇಂದು ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿವೆ. ನಾಡಿನ ನಿಧಿ ನಾಡು ಬಿಟ್ಟು ಹೋಯಿತಾದರೂ ಅದರ ಮರ್ಮ ರೋಮಿನ ಕಾರ್ಯಾಗಾರದಲ್ಲಿ ಉಳಿಯಿತು.

ಈ ಒಡವೆಗಳ ಹಿಂದೆ ರಾಜಕೀಯವೂ ಇದ್ದಿತು. ಅಂದಿಗೆ ಇಟಲಿ ಎಂಬುದು ಒಂದು ದೇಶವಾಗಿರಲಿಲ್ಲ; ಹಲವು ಸಂಸ್ಥಾನಗಳಾಗಿ ಹರಿದು ಹಂಚಿಹೋಗಿತ್ತು; ರೋಮ್ ಪೋಪರ ಆಳ್ವಿಕೆಯಲ್ಲಿತ್ತು. ಏಕೀಕೃತ ಇಟಲಿಯ ಕನಸು ಕಂಡವರಲ್ಲಿ ಕಾಸ್ತೆಲ್ಲಾನಿಗಳೂ ಸೇರಿದ್ದರು. ಬೇರೆಬೇರೆ ಆಳರಸರ ಕೆಳಗೆ ಬಾಳುತ್ತಿದ್ದ ಜನಕ್ಕೆ ತಾವು ಒಂದೇ ಮನೆಯವರೆಂದು ತೋರಿಸಿಕೊಡುವುದು ಯಾವುದು? ಹಂಚಿಕೊಂಡ ನುಡಿ, ಹಂಚಿಕೊಂಡ ಕಲೆ, ಹಂಚಿಕೊಂಡ ಪೂರ್ವಜರು. ಎಟ್ರುಸ್ಕನ್ ಓಲೆಯನ್ನೋ, ‘ರೋಮಾ’ ಎಂಬ ಅಕ್ಷರಗಳನ್ನು ಕೆತ್ತಿದ ಪದಕವನ್ನೋ ಧರಿಸಿದ ಹೆಣ್ಣುಮಗಳು ಭಾಷಣ ಮಾಡದೆಯೇ ಒಂದು ಮಾತನ್ನು ಆಡಿದಂತಾಗುತ್ತಿತ್ತು. 1859ರಲ್ಲಿ ರೋಮಿನ ಜನರ ಪರವಾಗಿ ದೊರೆ ಎರಡನೆಯ ವಿಕ್ಟರ್ ಇಮ್ಯಾನುಯೆಲನಿಗೂ ಮೂರನೆಯ ನೆಪೋಲಿಯನ್ನನಿಗೂ ಅರ್ಪಿಸಲು ಗೌರವದ ಖಡ್ಗಗಳು ಸಿದ್ಧವಾದಾಗ, ಅವುಗಳ ವಿನ್ಯಾಸ ಕಾಯೆತಾನಿಯದು, ಕೆಲಸ ಕಾಸ್ತೆಲ್ಲಾನಿಗಳದು. ಇಂಥ ಒಲವಿಗಾಗಿ ಅಲೆಸ್ಸಾಂದ್ರೊ ಅದೇ ವರ್ಷ ರೋಮಿನಿಂದ ಗಡಿಪಾರಾದ.

ಗಡಿಪಾರು ಅವನ ಬಾಯಿ ಕಟ್ಟಲಿಲ್ಲ; ಅದರಿಂದ ಅವನಿಗೆ ಇನ್ನೂ ದೊಡ್ಡ ಸಭೆಯೇ ದೊರೆಯಿತು. 1860ರಲ್ಲಿ ಪ್ಯಾರಿಸ್ಸಿನ ವಿದ್ವತ್ಸಂಸ್ಥೆಗೆ ಪ್ರಾಚೀನರ ಒಡವೆಗಳ ಕುರಿತು ಒಂದು ಪ್ರಬಂಧವನ್ನು ಒಪ್ಪಿಸಿದ. 1862ರ ಲಂಡನ್ನಿನ ಅಂತರರಾಷ್ಟ್ರೀಯ ಪ್ರದರ್ಶನದಲ್ಲಿ ಕಾಸ್ತೆಲ್ಲಾನಿ ಒಡವೆಗಳನ್ನು ನೋಡಲು ಜನ ಮುಗಿಬಿದ್ದರು. ಮುಂದೆ ನೇಪಲ್ಸಿನಲ್ಲಿ ನೆಲೆಸಿ ಜಾಚಿಂತೊ ಮೆಲಿಲ್ಲೊ ಎಂಬ ಕುಶಲಿಗೆ ಈ ವಿದ್ಯೆಯಲ್ಲಿ ಒತ್ತಾಸೆಯಾದ. ಇಂಗ್ಲಿಷ್ ಕವಿ ರಾಬರ್ಟ್ ಬ್ರೌನಿಂಗ್ 1868–69ರಲ್ಲಿ ಪ್ರಕಟಿಸಿದ ‘ದಿ ರಿಂಗ್ ಅಂಡ್ ದ ಬುಕ್’ ಎಂಬ ದೀರ್ಘಕಾವ್ಯ ಕಾಸ್ತೆಲ್ಲಾನಿಯ ಕೆಲಸದ ಒಂದು ಉಂಗುರದ ವರ್ಣನೆಯಿಂದಲೇ ಆರಂಭವಾಗುತ್ತದೆ. 1870ರಲ್ಲಿ ರೋಮ್ ಇಟಲಿಯನ್ನು ಸೇರಿದ ಮೇಲೆ ಅಗುಸ್ತೊ ನಗರದ ಕ್ಯಾಪಿಟೊಲೈನ್ ವಸ್ತುಸಂಗ್ರಹಾಲಯದ ಗೌರವ ನಿರ್ದೇಶಕನಾದ. ತನ್ನ ಸಂಗ್ರಹದ ಪುರಾತನ ಕುಂಭಗಳನ್ನು ಅದಕ್ಕೆ ಕೊಡುಗೆಯಾಗಿ ಕೊಟ್ಟ. ಟ್ರೆವಿ ಕಾರಂಜಿಯ ಎದುರಿಗಿದ್ದ ಅವನ ಅಂಗಡಿಯಲ್ಲಿ ಒಡವೆಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿದ್ದನಾಗಿ, ಕೊಳ್ಳಬಂದವರು ನಾಡಿನ ಚರಿತ್ರೆಯನ್ನೂ ಓದಿಕೊಂಡು ಹೋಗುತ್ತಿದ್ದರು.

ಕಾಸ್ತೆಲ್ಲಾನಿಗಳ ಇನ್ನೊಂದು ಕಾರ್ಯ ನಮ್ಮ ಗಮನಕ್ಕೆ ಹೆಚ್ಚು ಅರ್ಹವಾದುದು. ಸಮಾಧಿಗಳ ಬಂಗಾರದ ಜೊತೆಯಲ್ಲಿಯೇ ಅವರು ಇಟಲಿಯ ಬೇರೆಬೇರೆ ಪ್ರಾಂತಗಳ ರೈತ ಹೆಂಗಸರು ತೊಡುತ್ತಿದ್ದ ಒಡವೆಗಳನ್ನೂ ಕೂಡಿಸಿದರು. ಸಿರಿವಂತರು ಕಣ್ಣೆತ್ತಿ ನೋಡದಿದ್ದ ಆ ಹಳ್ಳಿಯ ಓಲೆಗಳನ್ನೂ ಸರಗಳನ್ನೂ 1867ರ ಪ್ಯಾರಿಸ್ ಪ್ರದರ್ಶನದಲ್ಲಿಟ್ಟರು. ಅವುಗಳನ್ನು ಲಂಡನ್ನಿನ ಸೌತ್ ಕೆನ್ಸಿಂಗ್ಟನ್ ವಸ್ತುಸಂಗ್ರಹಾಲಯ ಕೊಂಡುಕೊಂಡಿತು. ಇಂದಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಅವು ಭದ್ರವಾಗಿವೆ. ಕರಗಿಸಿ ತೂಕಕ್ಕೆ ಮಾರಿಬಿಡಬಹುದಾಗಿದ್ದ ಒಡವೆಗಳು ಹೀಗೆ ಒಂದು ಜನಪದದ ದಾಖಲೆಗಳಾಗಿ ಉಳಿದವು.

ಈ ಕಥೆಗೆ ಇನ್ನೊಂದು ಮುಖವೂ ಉಂಟು. ಪ್ರಾಚೀನರಂತೆ ಮಾಡಬಲ್ಲವನು ಪ್ರಾಚೀನವೆಂದು ಮಾರಲೂ ಬಲ್ಲನು. ಹತ್ತೊಂಬತ್ತನೆಯ ಶತಮಾನದ ದುರಸ್ತಿಯಲ್ಲಿ ಬೇರೆಬೇರೆ ಪುರಾತನ ತುಣುಕುಗಳನ್ನು ಸೇರಿಸಿ, ಇಲ್ಲದ್ದನ್ನು ಹೊಸದಾಗಿ ಮಾಡಿ, ಒಂದೇ ಒಡವೆಯಾಗಿ ನಿಲ್ಲಿಸಿದ್ದುಂಟು. ಕಂಪಾನಾ ಸಂಗ್ರಹದ ಎಷ್ಟೋ ಒಡವೆಗಳಲ್ಲಿ ಹಳೆಯದೆಷ್ಟು ಹೊಸದೆಷ್ಟು ಎಂಬುದನ್ನು ವಿದ್ವಾಂಸರು ಬಿಡಿಸಿ ನೋಡಬೇಕಾಯಿತು. ಅಲೆಸ್ಸಾಂದ್ರೊವಿನಿಂದ ಬ್ರಿಟಿಷ್ ಮ್ಯೂಸಿಯಂ 1872 ಮತ್ತು 1873ರಲ್ಲಿ ಕೊಂಡ ವಸ್ತುಗಳಲ್ಲಿ ಅಮೂಲ್ಯವಾದ ಪುರಾತನ ಒಡವೆಗಳಿದ್ದವು. ಅವುಗಳ ಜೊತೆಗೆ ಬಂದ ಎಟ್ರುಸ್ಕನ್ ಮಣ್ಣಿನ ಶವಪೆಟ್ಟಿಗೆಯೊಂದು ಮಾತ್ರ ಖೋಟಾ ಎಂದು ಮುಂದೆ ತಿಳಿದು, ಅದನ್ನು ಪ್ರದರ್ಶನದಿಂದ ತೆಗೆಯಬೇಕಾಯಿತು. ಪುನರುಜ್ಜೀವನಕ್ಕೂ ಸೋಗಿಗೂ ನಡುವಣ ಗೆರೆ ಕೂದಲೆಳೆಯಷ್ಟು ತೆಳ್ಳಗೆ. ಎರಡು ‘ಸಿ’ ಅಕ್ಷರಗಳನ್ನು ಬೆನ್ನಿಗೆ ಬೆನ್ನು ಹೆಣೆದ ತಮ್ಮ ಗುರುತನ್ನು ಕಾಸ್ತೆಲ್ಲಾನಿಗಳು ಒತ್ತಿದ ಒಡವೆಗಳು ಆ ಗೆರೆಯ ಈಚೆಗೆ ನಿಲ್ಲುತ್ತವೆ: ಮಾದರಿ ಪೂರ್ವಜರದು, ಕೈ ನಮ್ಮದು ಎಂದು ಒಪ್ಪಿಕೊಂಡ ಕೆಲಸವದು.

ಅವರ ದೊಡ್ಡತನ ಇನ್ನೊಂದು ಒಪ್ಪಿಗೆಯಲ್ಲಿಯೂ ಇದೆ. ಯುರೋಪೆಲ್ಲ ಹೊಗಳುತ್ತಿದ್ದಾಗಲೇ ಅಲೆಸ್ಸಾಂದ್ರೊ ತನ್ನ ಬರಹದಲ್ಲಿ, ಪ್ರಾಚೀನರ ಅತಿ ಸೂಕ್ಷ್ಮವಾದ ಕೆಲವು ಕೆಲಸಗಳು ತಮಗಿನ್ನೂ ಸಾಧ್ಯವಾಗಿಲ್ಲವೆಂದೂ, ಅವರಿಗೆ ತಿಳಿದಿದ್ದ ಯಾವುದೋ ರಾಸಾಯನಿಕ ಮರ್ಮ ತಮಗೆ ತಿಳಿಯದೆಂದೂ ಮುಚ್ಚುಮರೆಯಿಲ್ಲದೆ ಹೇಳಿದ. ಆ ಮರ್ಮಕ್ಕೆ ಒಪ್ಪತಕ್ಕ ಉತ್ತರ ದೊರೆತದ್ದು ಇಪ್ಪತ್ತನೆಯ ಶತಮಾನದಲ್ಲಿ. ಲಿಟಲ್‌ಡೇಲ್ ಎಂಬ ಇಂಗ್ಲಿಷ್ ಕಸಬುದಾರ 1933ರಲ್ಲಿ ಒಂದು ವಿಧಾನಕ್ಕೆ ಹಕ್ಕುಪತ್ರ ಪಡೆದ. ತಾಮ್ರದ ಲವಣವನ್ನು ಅಂಟಿನೊಡನೆ ಕಲಸಿ, ಅದರಿಂದ ರವೆಗಳನ್ನು ತಗಡಿಗೆ ಅಂಟಿಸಿ ಕಾಯಿಸುವುದೇ ಆ ವಿಧಾನ. ಕಾವೇರಿದಂತೆ ಅಂಟು ಸುಟ್ಟು ಇದ್ದಿಲಾಗುತ್ತದೆ. ಆ ಇದ್ದಿಲು ತಾಮ್ರದ ಲವಣವನ್ನು ಶುದ್ಧ ತಾಮ್ರವಾಗಿ ಮಾರ್ಪಡಿಸುತ್ತದೆ. ಸುಮಾರು 890 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆ ತಾಮ್ರ ಬಂಗಾರದೊಡನೆ ಬೆರೆತು, ರವೆ ತಗಡನ್ನು ಮುಟ್ಟುವ ಬಿಂದುವಿನಲ್ಲಿ ಮಾತ್ರ ಕರಗಿ ಕೂಡಿಕೊಳ್ಳುತ್ತದೆ. ಬಂಗಾರ ತಾನೇ ಕರಗಲು 1064 ಡಿಗ್ರಿ ಬೇಕು. ಆದುದರಿಂದ ರವೆಯ ದುಂಡು ಕೆಡುವುದಿಲ್ಲ. ಬೆಸುಗೆಯ ಲೋಹವನ್ನು ಹೊರಗಿನಿಂದ ತರಬೇಕಾಗಿಯೇ ಇಲ್ಲ.

ವಿಚಿತ್ರವೆಂದರೆ ಇದರ ಸುಳಿವು ಪ್ಲೀನಿಯಲ್ಲಿಯೇ ಇತ್ತು. ಅಕ್ಕಸಾಲಿಗರು ಬಂಗಾರವನ್ನು ಬೆಸೆಯಲು ಬಳಸುವ ಹಸಿರು ವಸ್ತುವೊಂದನ್ನು ಅವನು ‘ಕ್ರಿಸೊಕೊಲ್ಲ’ ಎಂದು ಕರೆದಿದ್ದಾನೆ. ಗ್ರೀಕಿನಲ್ಲಿ ಆ ಮಾತಿನ ಅರ್ಥ ‘ಹೊನ್ನಿನ ಅಂಟು’ ಎಂದು. ಆ ಹಸಿರು ತಾಮ್ರದ ಹಸಿರು. ಕಾಸ್ತೆಲ್ಲಾನಿಗಳು ಪ್ಲೀನಿಯನ್ನು ಓದಿದ್ದರು. ಮಾತು ಕಣ್ಣೆದುರಿಗೇ ಇತ್ತು. ಆದರೆ ಆ ಮಾತನ್ನು ದಿನವೂ ಬಾಳಿಸುತ್ತಿದ್ದ ಕೈಗಳು ಎಂದೋ ಇಲ್ಲವಾಗಿದ್ದವು. ಗ್ರಂಥದಲ್ಲಿ ಹೆಸರು ಉಳಿದರೂ ಬಳಕೆ ತಪ್ಪಿದ ಮೇಲೆ ಆ ಹೆಸರು ಬೀಗವೇ ಇಲ್ಲದ ಕೀಲಿಯಂತೆ.

ಕಾಸ್ತೆಲ್ಲಾನಿ ಮನೆತನದ ಕುಲುಮೆ 1930ರಲ್ಲಿ, ಅಗುಸ್ತೊನ ಮಗ ಅಲ್ಫ್ರೆದೊವಿನ ಮರಣದೊಂದಿಗೆ ಆರಿತು. ಅದಕ್ಕೆ ಮೊದಲೇ, 1919ರಲ್ಲಿ, ಆತ ಮನೆತನದ ಸಂಗ್ರಹವನ್ನು ರೋಮಿನ ವಿಲ್ಲಾ ಜೂಲಿಯಾ ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಿದ್ದ. ಪುರಾತನ ಒಡವೆಗಳೂ ಅವುಗಳನ್ನು ನೋಡಿ ಮಾಡಿದ ಒಡವೆಗಳೂ ಅಲ್ಲಿ ಒಂದೇ ಸೂರಿನಡಿ ಇವೆ. 2013ರಲ್ಲಿ ಕಳ್ಳರು ಅಲ್ಲಿಂದ ಕೆಲವು ಕಾಸ್ತೆಲ್ಲಾನಿ ಒಡವೆಗಳನ್ನು ಕದ್ದೊಯ್ದರು. ಪೊಲೀಸರ ಪ್ರಯತ್ನದಿಂದ ಅವುಗಳಲ್ಲಿ ಬಹುಪಾಲು ಮರಳಿ ಬಂದವು. ಕಳುವಾದ ಒಡವೆಯನ್ನು ಹುಡುಕಿ ತರಬಹುದು. ಕಳೆದುಹೋದ ವಿದ್ಯೆಯನ್ನು ಹುಡುಕಿ ತರಲು ಒಂದು ಮನೆತನದ ಮೂರು ತಲೆಮಾರೂ ಸಾಲಲಿಲ್ಲ.

ದೂರದ ರೋಮಿನ ಈ ವೃತ್ತಾಂತವನ್ನು ಗಡಿಯಾಚೆ ನೆಲೆಸಿದ ನಮ್ಮ ಕನ್ನಡ ಕುಟುಂಬಗಳ ಮುಂದಿಡುವುದಕ್ಕೆ ಕಾರಣವಿದೆ. ನಮ್ಮ ಮನೆಗಳಲ್ಲಿಯೂ ಅಜ್ಜಿಯರ ಪೆಟ್ಟಿಗೆಗಳಿವೆ. ಸೊಲ್ಲಾಪುರ, ಅಕ್ಕಲಕೋಟೆಗಳ ಕಡೆಯ ಮನೆಯಲ್ಲಿ ಅದರೊಳಗೆ ಬೋರಮಾಳವಿದ್ದೀತು, ಕಟ್ಟಾಣಿಯಿದ್ದೀತು, ಬುಗುಡಿಯಿದ್ದೀತು. ಕಾಸರಗೋಡಿನ ಮನೆಯಲ್ಲಿ ಅವಲಕ್ಕಿ ಸರ, ಬೆಂಡೋಲೆ ಇದ್ದಾವು. ಒಂದು ಕಡೆ ಪತ್ತಾರರೆಂದೂ ಇನ್ನೊಂದು ಕಡೆ ಆಚಾರ್ಯರೆಂದೂ ಕರೆಸಿಕೊಳ್ಳುವವರ ಕೈ ಅವುಗಳನ್ನು ಮಾಡಿದೆ. ಮಗಳ ಮದುವೆ ಬಂದಾಗ ಹಳೆಯದನ್ನು ಅಂಗಡಿಗೆ ಒಯ್ಯುತ್ತೇವೆ. ತೂಕ ಹಾಕುತ್ತಾರೆ, ಸವಕಳಿ ಕಳೆಯುತ್ತಾರೆ, ಕರಗಿಸುತ್ತಾರೆ. ಸಂಸಾರದ ಅಗತ್ಯವನ್ನು ಯಾರೂ ಆಕ್ಷೇಪಿಸಲಾರರು. ಆದರೆ ತಕ್ಕಡಿ ತೂಗುವುದು ಚಿನ್ನವನ್ನು ಮಾತ್ರ. ಆ ಒಡವೆಯ ಹೆಸರನ್ನು, ಅದನ್ನು ತೊಡುವ ಸಂದರ್ಭವನ್ನು, ಅದನ್ನು ಮಾಡಿದ ಕೈಯ ರೀತಿಯನ್ನು ಅದು ತೂಗುವುದಿಲ್ಲ. ಒಡವೆ ಕರಗುವ ಮುನ್ನ ಅದರದೊಂದು ಚಿತ್ರವನ್ನು ತೆಗೆದು, ಮನೆಯ ಹಿರಿಯರು ಅದನ್ನು ಕರೆಯುತ್ತಿದ್ದ ಹೆಸರನ್ನು ಅವರ ಬಾಯಿಂದಲೇ ಕೇಳಿ ಬರೆದಿಟ್ಟುಕೊಳ್ಳುವುದು ಯಾವ ಮನೆಗೂ ಭಾರವಾಗದು. ಹಳೆಯ ರೀತಿಯ ಕೆಲಸ ಬಲ್ಲ ಅಕ್ಕಸಾಲಿ ಊರಲ್ಲಿ ಇನ್ನೂ ಇದ್ದರೆ, ಒಂದಾದರೂ ಒಡವೆಯನ್ನು ಅವನಿಂದ ಮಾಡಿಸುವುದು ಇನ್ನೂ ದೊಡ್ಡ ಕೆಲಸ.

ನುಡಿಯ ಮಾತೂ ಇದೇ. ಎಟ್ರುಸ್ಕನ್ ಅಕ್ಷರಗಳು ಇಂದಿಗೂ ಬೆಳ್ಳಿಯ ಪಾತ್ರೆಗಳ ಮೇಲೆ ಅಚ್ಚಳಿಯದೆ ನಿಂತಿವೆ. ಆದರೆ ಆ ನುಡಿಯಲ್ಲಿ ಮಗುವನ್ನು ಊಟಕ್ಕೆ ಕರೆಯುವ ತಾಯಿ ಇಲ್ಲ. ಸಾಂತಾಂಜೆಲೊ ಊರಿನವರು ಯಾವ ಸಾಮ್ರಾಜ್ಯವನ್ನೂ ಕಟ್ಟಲಿಲ್ಲ, ಯಾವ ಗ್ರಂಥವನ್ನೂ ಬರೆಯಲಿಲ್ಲ. ತಮ್ಮ ಹೆಣ್ಣುಮಕ್ಕಳ ಮದುವೆಗೆ ತಮ್ಮ ರೀತಿಯ ಓಲೆಯನ್ನು ಮಾಡುತ್ತಲೇ ಇದ್ದರು, ಅಷ್ಟೇ. ರಾಜಧಾನಿ ಒಂದು ದಿನ ಅವರನ್ನು ಹುಡುಕಿಕೊಂಡು ಬಂದಿತು. ಅಂಚಿನ ನಾಡಿನಲ್ಲಿ ಕನ್ನಡವನ್ನು ಆಡುತ್ತ, ಹಾಡುತ್ತ, ಮಕ್ಕಳಿಗೆ ಕಲಿಸುತ್ತ ಬಂದಿರುವ ನಮಗೆ ಆ ಬೆಟ್ಟದೂರಿನ ಅಕ್ಕಸಾಲಿಗರು ದೂರದವರೆಂದು ತೋರುವುದಿಲ್ಲ.